ತಕ್ಕಡಿಯಿಂದ ಘೋಷಣೆಯವರೆಗೆ

ಮಗುವಿನ ಎರಡೂ ಪಾದಗಳ ಮೇಲೆ ಹೆಬ್ಬೆರಳು ಇಟ್ಟು ಮೂರು ಸೆಕೆಂಡು ಒತ್ತಿ ಹಿಡಿಯಬೇಕು. ಬೆರಳು ತೆಗೆದ ಮೇಲೂ ಎರಡು ಕಡೆ ಗುಳಿ ಹಾಗೇ ಉಳಿದರೆ ಆ ಮಗುವಿನ ತೂಕ ಎಷ್ಟಿದ್ದರೂ ತೀರ್ಮಾನ ಬದಲಾಗುವುದಿಲ್ಲ. ನೀರು ತುಂಬಿದ ಮೈ ತಕ್ಕಡಿಗೆ ಸುಳ್ಳು ಹೇಳುತ್ತದೆ. ದೂರದಿಂದ ನೋಡಿದವರಿಗೆ ಕೆನ್ನೆ ತುಂಬಿಕೊಂಡಂತೆಯೂ ಕಾಣುತ್ತದೆ. ಅದು ತೀವ್ರ ಅಪೌಷ್ಟಿಕತೆ. ನಮೂನೆಯಲ್ಲಿ 'ಊತ ಇದೆ' ಎಂದು ಬರೆದು, ತಾಯಿಯ ಕೈಗೆ ಚಿಕಿತ್ಸಾ ಕೇಂದ್ರದ ಚೀಟಿ ಕೊಟ್ಟು, ತಂಡ ಮುಂದಿನ ಮನೆಗೆ ಹೋಗುತ್ತದೆ.

ಬರ, ಯುದ್ಧ, ನೆರೆ, ಗುಳೆ ಇವುಗಳ ನಡುವೆ ನಡೆಯುವ ಪೌಷ್ಟಿಕತೆ ಸಮೀಕ್ಷೆಯಲ್ಲಿ ಅಳೆಯುವುದು ಬಹಳ ಕಡಿಮೆ. ಆರು ತಿಂಗಳಿಂದ 59 ತಿಂಗಳವರೆಗಿನ ಮಕ್ಕಳ ತೂಕ, ಎತ್ತರ, ಎಡತೋಳಿನ ನಡುಭಾಗದ ಸುತ್ತಳತೆ ಮತ್ತು ಪಾದದ ಊತ. 87 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಗುವನ್ನು ಮರದ ಹಲಗೆಯ ಮೇಲೆ ಮಲಗಿಸಿ ಅಳೆಯುತ್ತಾರೆ, ಅದಕ್ಕಿಂತ ಎತ್ತರದವರನ್ನು ನಿಲ್ಲಿಸಿ. ಜನನ ಪ್ರಮಾಣಪತ್ರ ಇಲ್ಲದ ಊರಿನಲ್ಲಿ ವಯಸ್ಸು ತಿಳಿಯಲು ಘಟನೆಗಳ ಪಟ್ಟಿಯೊಂದನ್ನು ಮೊದಲೇ ಮಾಡಿಕೊಂಡಿರುತ್ತಾರೆ: ಆ ವರ್ಷದ ಮಳೆ ಹಿಡಿದಾಗ ಹುಟ್ಟಿತೋ, ಚುನಾವಣೆಯ ಮುಂಚೆಯೋ, ರಂಜಾನ್ ಆದ ಮೇಲೋ. ತೋಳಿನ ಟೇಪನ್ನು ನಮ್ಮ ಅಂಗನವಾಡಿ ಕಾರ್ಯಕರ್ತೆಯರೂ ಬಲ್ಲರು. ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿ. 115 ಮಿಲಿಮೀಟರಿಗಿಂತ ಕಡಿಮೆಯಾದರೆ ಕೆಂಪು, 125ರವರೆಗೆ ಹಳದಿ. ಕೆಂಪಾದರೆ 'ಸ್ಯಾಮ್' ಅಂದರೆ ತೀವ್ರ ಅಪೌಷ್ಟಿಕತೆ, ಹಳದಿಯಾದರೆ 'ಮ್ಯಾಮ್' ಅಂದರೆ ಮಧ್ಯಮ.

ಮಕ್ಕಳನ್ನೇ ಏಕೆ ಅಳೆಯಬೇಕು? ಮನೆಯಲ್ಲಿ ಕಾಳು ಮುಗಿದದ್ದು ಮೊದಲು ಗೊತ್ತಾಗುವುದು ಅವರ ಮೈಯಲ್ಲಿ. ಭೇದಿ, ದಡಾರ, ಕೊಳಕು ನೀರು ಎಲ್ಲದರ ಲೆಕ್ಕವೂ ಅಲ್ಲೇ ಜಮೆಯಾಗುತ್ತದೆ. ಸೊರಗಿದ ಮಗುವಿಗೆ ದಡಾರ ಬಂದರೆ ಬದುಕುವುದು ಕಷ್ಟ. ದಡಾರದಿಂದ ಎದ್ದ ಮಗು ಸೊರಗದೆ ಇರುವುದಿಲ್ಲ. ಆದ್ದರಿಂದ ಸಮೀಕ್ಷೆಯ ನಮೂನೆಯಲ್ಲಿ ದಡಾರದ ಲಸಿಕೆಯ ಪ್ರಶ್ನೆಯೂ ಇರುತ್ತದೆ. ಇದನ್ನು ಬಿಟ್ಟು ಬರೆದ ವರದಿ, ಅಕ್ಕಿ ಕಳಿಸಿದರೆ ಸಾಕು ಎಂಬ ತಪ್ಪು ನಂಬಿಕೆಯನ್ನು ಹುಟ್ಟಿಸುತ್ತದೆ.

ಅಳತೆ ಇಷ್ಟು ಸರಳ. ತೊಡಕು ಶುರುವಾಗುವುದು ಆಮೇಲೆ, ಅಳೆದದ್ದನ್ನು ಇನ್ನೊಬ್ಬರಿಗೆ ಹೇಳಬೇಕಾದಾಗ.

ಬಿಸಿಲಲ್ಲಿ ಮೂವತ್ತು ಮಕ್ಕಳನ್ನು ಅಳೆದು ದಣಿದ ಕಣ್ಣು 83.4 ಅನ್ನು 83.5 ಎಂದು ಓದುತ್ತದೆ. ಅಳುತ್ತಾ ಒದೆಯುತ್ತಿರುವ ಮಗುವಿನ ಮಂಡಿ ಮಡಚಿಕೊಂಡಿದ್ದರೆ ಎತ್ತರದಲ್ಲಿ ಎರಡು ಸೆಂಟಿಮೀಟರು ಹೋಗುತ್ತದೆ. ಒಂದೊಂದು ತಪ್ಪು ಹೆಚ್ಚಿನ ಕಡೆಗೆ, ಒಂದೊಂದು ಕಡಿಮೆಯ ಕಡೆಗೆ. ಸರಾಸರಿಯಲ್ಲಿ ಎಲ್ಲ ಸರಿಹೋಗುತ್ತದೆ ಎಂದು ತೋರಬಹುದು. ಸರಾಸರಿ ಸರಿಹೋಗುತ್ತದೆ, ನಿಜ. ಶೇಕಡಾವಾರು ಸರಿಹೋಗುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮಗುವಿನ ಎತ್ತರಕ್ಕೆ ಇರಬೇಕಾದ ತೂಕ ಇಷ್ಟೆಂದು ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡ ಹೇಳುತ್ತದೆ. ನಮ್ಮ ಮಗು ಅದಕ್ಕಿಂತ ಎಷ್ಟು ಕೆಳಗಿದೆ ಎಂಬುದನ್ನು ಮಾನಕ ವಿಚಲನೆಯ ಲೆಕ್ಕದಲ್ಲಿ ಹೇಳುತ್ತಾರೆ. ಮೈನಸ್ 2ಕ್ಕಿಂತ ಕೆಳಗಿದ್ದರೆ ಅಪೌಷ್ಟಿಕತೆ, ಮೈನಸ್ 3ಕ್ಕಿಂತ ಕೆಳಗಿದ್ದರೆ ತೀವ್ರ. ಹಸಿವು ಬಂದ ಊರಿನಲ್ಲಿ ಸಾಮಾನ್ಯವಾಗಿ ಎಲ್ಲ ಮಕ್ಕಳೂ ಒಂದಿಷ್ಟು ಕೆಳಕ್ಕೆ ಸರಿಯುತ್ತಾರೆ. ಕೆಲವರು ಮಾತ್ರ ಕುಸಿದು ಉಳಿದವರು ಹಾಗೇ ಇರುವುದು ಅಪರೂಪ. ಹಾಗಾಗಿ ಈ ಅಂಕಿಗಳ ಚಿತ್ರ ಬರೆದರೆ ಗಂಟೆಯಾಕಾರದ ರೇಖೆ ಪೂರ್ತಿಯಾಗಿ ಎಡಕ್ಕೆ ಜರುಗುತ್ತದೆ, ಅದರ ಅಗಲ, ಅಂದರೆ ಮಾನಕ ವಿಚಲನೆ, ಹೆಚ್ಚೂಕಡಿಮೆ 1ರಲ್ಲೇ ಉಳಿಯುತ್ತದೆ. ಒಂದು ಊರಿನ ಮಕ್ಕಳ ಸರಾಸರಿ ಮೈನಸ್ 0.9 ಎಂದುಕೊಳ್ಳಿ. ಅಗಲ 1 ಇದ್ದರೆ ಮೈನಸ್ 2ರ ಕೆಳಗೆ ಬರುವವರು ಸುಮಾರು ಶೇ. 13.6. ಇದೇ ಮಕ್ಕಳನ್ನು ಒರಟಾಗಿ ಅಳೆದ ತಂಡದ ಅಂಕಿಗಳಲ್ಲಿ ಅಗಲ 1.3ಕ್ಕೆ ಹಿಗ್ಗಿದರೆ, ಸರಾಸರಿ ಅದೇ ಇದ್ದರೂ, ಪ್ರಮಾಣ ಶೇ. 20ರ ಹತ್ತಿರ ಬಂದು ನಿಲ್ಲುತ್ತದೆ. ತೀವ್ರ ಅಪೌಷ್ಟಿಕತೆಯಂತೂ ಶೇ. 1.8ರಿಂದ ಶೇ. 5.3ಕ್ಕೆ, ಮೂರು ಪಟ್ಟು ಏರುತ್ತದೆ. ಯಾರೂ ಸುಳ್ಳು ಬರೆದಿಲ್ಲ. ಅಜಾಗರೂಕತೆಯೇ ಒಂದು ದುರಂತವನ್ನು ಸೃಷ್ಟಿಸಿದೆ.

ಇದು ಪುಸ್ತಕದ ಲೆಕ್ಕ ಮಾತ್ರ ಅಲ್ಲ. 1999-2000ರಲ್ಲಿ ಇಥಿಯೋಪಿಯಾದಲ್ಲಿ ಬರ ಬಂದಾಗ ಹತ್ತಾರು ಸಂಸ್ಥೆಗಳು ತಮ್ಮ ತಮ್ಮ ಸಮೀಕ್ಷೆ ಮಾಡಿದವು. ಆಮೇಲೆ ಸಂಶೋಧಕರು ಅವುಗಳಲ್ಲಿ 67 ವರದಿಗಳನ್ನು ಒರೆಗೆ ಹಚ್ಚಿದರು. ವಿಧಾನದಲ್ಲೂ ನಿಖರತೆಯಲ್ಲೂ ತೇರ್ಗಡೆಯಾದವು ಆರು. ಆ ಫಲಿತಾಂಶ 2004ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಮಾದರಿಯನ್ನು ಆಯ್ದುಕೊಂಡ ರೀತಿಯೇ ಸರಿಯಿಲ್ಲದಿದ್ದರೆ ರಸ್ತೆ ಬದಿಯ ಹಳ್ಳಿಗಳೇ ಜಿಲ್ಲೆಯ ಪ್ರತಿನಿಧಿಗಳಾಗಿಬಿಡುತ್ತವೆ, ಒಳನಾಡಿನಲ್ಲಿ ಸಾಯುವವರು ಲೆಕ್ಕಕ್ಕೇ ಬರುವುದಿಲ್ಲ.

ಇಂಥ ಗೊಂದಲಕ್ಕೆ ಉತ್ತರವಾಗಿ 2002ರಲ್ಲಿ ಶುರುವಾದದ್ದು 'ಸ್ಮಾರ್ಟ್' ಎಂಬ ಸಮೀಕ್ಷಾ ವಿಧಾನ. ಇದರಲ್ಲಿ ಪ್ರತಿಯೊಬ್ಬ ಅಳತೆಗಾರನೂ ಸಮೀಕ್ಷೆಗೆ ಮೊದಲು ಹತ್ತು ಮಕ್ಕಳನ್ನು ಎರಡೆರಡು ಬಾರಿ ಅಳೆದು ಪರೀಕ್ಷೆ ಪಾಸಾಗಬೇಕು. ದಿನದ ಅಂಕಿಗಳು ಅಂದೇ ರಾತ್ರಿ ಕಂಪ್ಯೂಟರಿಗೆ ಹೋಗಬೇಕು. ತಂತ್ರಾಂಶ ಆ ಅಂಕಿಗಳ ಚಾಳಿಯನ್ನು ಹಿಡಿಯುತ್ತದೆ: ಈ ತಂಡದ ಎತ್ತರಗಳೆಲ್ಲ ಸೊನ್ನೆ, ಐದರಲ್ಲೇ ಏಕೆ ಮುಗಿಯುತ್ತಿವೆ? ಗಂಡುಮಕ್ಕಳೇ ಏಕೆ ಹೆಚ್ಚು ಸಿಕ್ಕಿದ್ದಾರೆ? ಅಗಲ 0.8ರಿಂದ 1.2ರ ಒಳಗಿದೆಯೋ ಇಲ್ಲವೋ? ಮರುದಿನ ಬೆಳಿಗ್ಗೆ ತಂಡ ಹೊರಡುವ ಮೊದಲೇ ತಪ್ಪು ತಿದ್ದಬಹುದು. ಕೊನೆಯಲ್ಲಿ ಸಮೀಕ್ಷೆಗೇ ಒಂದು ದಂಡಾಂಕ ಬೀಳುತ್ತದೆ. ಅದು 25 ದಾಟಿದರೆ ಆ ಅಂಕಿಗಳನ್ನು ನಂಬುವುದು ಕಷ್ಟ. ಈ ದಂಡಾಂಕವನ್ನು ವರದಿಯಲ್ಲೇ ಅಚ್ಚುಹಾಕುತ್ತಾರೆ. ತನ್ನ ಅಳತೆ ಎಷ್ಟು ಕೆಟ್ಟದಾಗಿದೆ ಎಂದು ತಾನೇ ಹೇಳಿಕೊಳ್ಳುವ ಸರ್ಕಾರಿ ಕಾಗದ ಜಗತ್ತಿನಲ್ಲಿ ಹೆಚ್ಚಿಲ್ಲ.

ಸರಿ, ಅಳತೆ ಒಳ್ಳೆಯದೇ ಬಂತು. ಈಗ ಬರೆಯಬೇಕು. ಯಾರಿಗೆ?

500 ಮಕ್ಕಳನ್ನು ಅಳೆದಾಗ ಅಪೌಷ್ಟಿಕತೆ ಶೇ. 15 ಬಂತು ಎನ್ನೋಣ. ಹಳ್ಳಿಗಳ ಗುಚ್ಛಗಳನ್ನು ಆಯ್ದು ಮಾಡಿದ ಸಮೀಕ್ಷೆಯಲ್ಲಿ ಈ ಶೇ. 15ರ ನಿಜವಾದ ಅರ್ಥ, ಅದು ಶೇ. 11ರಿಂದ 19ರ ನಡುವೆ ಎಲ್ಲೋ ಇದೆ ಎಂದು. ವರದಿಯಲ್ಲಿ ಈ ಅಂತರವನ್ನು ಆವರಣದಲ್ಲಿ ಬರೆದಿರುತ್ತಾರೆ, ಸಭೆಯಲ್ಲಿ ಯಾರೂ ಓದುವುದಿಲ್ಲ. ಬಹಳ ವರ್ಷ ಶೇ. 15 ಎಂಬುದು 'ತುರ್ತು ಪರಿಸ್ಥಿತಿ'ಯ ಗೆರೆಯಾಗಿತ್ತು, ಈಗಲೂ 'ಅತಿ ಹೆಚ್ಚು' ಎನ್ನುವ ದರ್ಜೆ ಅಲ್ಲಿಂದಲೇ ಶುರು. ಆದ್ದರಿಂದ 14.6 ಬಂದ ಜಿಲ್ಲೆಗೆ ಹಣವಿಲ್ಲ, 15.3 ಬಂದ ಪಕ್ಕದ ಜಿಲ್ಲೆಗೆ ಇದೆ ಎನ್ನುವ ಹಾಸ್ಯಾಸ್ಪದ ಸ್ಥಿತಿ ಬರುತ್ತದೆ. ಎರಡು ಅಂಕಿಗಳ ನಡುವಿನ ವ್ಯತ್ಯಾಸವನ್ನು ಆ ಸಮೀಕ್ಷೆಯ ಕಣ್ಣು ಗುರುತಿಸಲಾರದು ಎಂಬುದು ಬರೆದವರಿಗೆ ಗೊತ್ತು, ಹಣ ಹಂಚುವವರಿಗೆ ಗೊತ್ತಿಲ್ಲ. ಗೊತ್ತು ಮಾಡಿಸಬೇಕಾದದ್ದು ಬರೆದವರ ಕೆಲಸ ಎಂದೇ ನನ್ನ ಅಭಿಪ್ರಾಯ.

ಗೋದಾಮು ನೋಡಿಕೊಳ್ಳುವವನಿಗಂತೂ ಶೇಕಡಾವಾರಿನಿಂದ ಉಪಯೋಗವಿಲ್ಲ. ಅವನಿಗೆ ಪೆಟ್ಟಿಗೆ ಎಷ್ಟು ಬೇಕು ಎಂದು ಹೇಳಬೇಕು. ಜಿಲ್ಲೆಯಲ್ಲಿ ಆ ವಯಸ್ಸಿನ ಮಕ್ಕಳು ಒಂದು ಲಕ್ಷ, ತೀವ್ರ ಅಪೌಷ್ಟಿಕತೆ ಶೇ. 3, ಅಂದರೆ ಅಳೆದ ದಿನ ಮೂರು ಸಾವಿರ ಮಕ್ಕಳು. ಕಡಲೆಕಾಯಿ ಪೇಸ್ಟಿನ ಚಿಕಿತ್ಸಾ ಆಹಾರ 92 ಗ್ರಾಮಿನ ಪೊಟ್ಟಣದಲ್ಲಿ ಬರುತ್ತದೆ, ಒಂದೊಂದರಲ್ಲಿ 500 ಕಿಲೊಕ್ಯಾಲರಿ, ಪೆಟ್ಟಿಗೆಗೆ 150 ಪೊಟ್ಟಣ. ಒಂದು ಮಗು ಚೇತರಿಸಿಕೊಳ್ಳಲು ಸುಮಾರಾಗಿ ಒಂದು ಪೆಟ್ಟಿಗೆ. ಹಾಗಾದರೆ ಮೂರು ಸಾವಿರ ಪೆಟ್ಟಿಗೆಯೇ? ಅಲ್ಲ, ಇಂದು ಆರೋಗ್ಯವಾಗಿರುವ ಮಕ್ಕಳಲ್ಲಿ ಮುಂದಿನ ತಿಂಗಳು ಸೊರಗುವವರೂ ಇದ್ದಾರೆ. ಸಮೀಕ್ಷೆ ಒಂದು ದಿನದ ಫೋಟೊ, ಕಾಯಿಲೆ ಹರಿಯುತ್ತಲೇ ಇರುತ್ತದೆ. ಆ ಹರಿವನ್ನೂ ಸೇರಿಸಿ ಪೆಟ್ಟಿಗೆಗಳ ಲೆಕ್ಕದಲ್ಲಿ ಮುಗಿಯುವ ಒಂದು ಪುಟ, ಅರವತ್ತು ಪುಟಗಳ ವರದಿಗಿಂತ ಹೆಚ್ಚು ಮಕ್ಕಳನ್ನು ಉಳಿಸುತ್ತದೆ.

ಇಲ್ಲಿ ಕರ್ನಾಟಕದ ಓದುಗರಿಗೆ ಒಂದು ಪ್ರಶ್ನೆ ಬರಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಎತ್ತರಕ್ಕೆ ತಕ್ಕ ತೂಕ ಇಲ್ಲದವರು ಶೇ. 19.5. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಶೇ. 26.1 ಇತ್ತು. ದೇಶದ ಸರಾಸರಿ ಶೇ. 19.3. ಶೇ. 15ರ ಗೆರೆ ನಿಜವಾಗಿದ್ದರೆ ನಾವು ದಶಕಗಳಿಂದ ತುರ್ತು ಪರಿಸ್ಥಿತಿಯಲ್ಲೇ ಸಂಸಾರ ಮಾಡುತ್ತಿದ್ದೇವೆ. ಆದರೂ ಇದನ್ನು ಕ್ಷಾಮ ಎಂದು ಯಾರೂ ಕರೆಯುವುದಿಲ್ಲ, ಕರೆಯಬೇಕಾಗಿಯೂ ಇಲ್ಲ. ಏಕೆಂದರೆ ಅಂಕಿಯನ್ನು ಒಂಟಿಯಾಗಿ ಓದುವಂತಿಲ್ಲ. ಕಳೆದ ವರ್ಷ ಇದೇ ತಿಂಗಳಲ್ಲಿ ಎಷ್ಟಿತ್ತು, ಈಗ ಸುಗ್ಗಿಗೆ ಮೊದಲೋ ಆಮೇಲೋ, ಕಾಳಿನ ಬೆಲೆ ಎತ್ತ ಹೋಗುತ್ತಿದೆ, ಎಲ್ಲಕ್ಕಿಂತ ಮುಖ್ಯವಾಗಿ ಎಷ್ಟು ಜನ ಸಾಯುತ್ತಿದ್ದಾರೆ, ಇವನ್ನೆಲ್ಲ ಪಕ್ಕದಲ್ಲಿಟ್ಟು ಓದಬೇಕು. ನಮ್ಮ ಶೇ. 19.5 ಬೇರೆ ಬಗೆಯ ನಾಚಿಕೆಗೇಡು. ಅದನ್ನು ಸಹಜ ಎಂದುಕೊಂಡಿರುವುದು ಇನ್ನೂ ದೊಡ್ಡದು. ಆದರೆ ಅದು ಬೇರೆಯೇ ಅಧ್ಯಾಯ.

ಸಾವಿನ ಲೆಕ್ಕಕ್ಕೆ ಬರೋಣ. ಆಹಾರ ಭದ್ರತೆಯ ಹಂತಗಳನ್ನು ಗುರುತಿಸಲು ಇಂದು ಜಗತ್ತು ಬಳಸುವ ಅಳತೆಗೋಲಿನ ಹೆಸರು ಐಪಿಸಿ. ನಮ್ಮ ಹಳೆಯ ದಂಡ ಸಂಹಿತೆಗೂ ಇದಕ್ಕೂ ಸಂಬಂಧವಿಲ್ಲ. 2004ರಲ್ಲಿ ಸೊಮಾಲಿಯಾದಲ್ಲಿ ರೂಪುಗೊಂಡದ್ದು. ಇದರ ಐದನೆಯ ಹಂತ ಕ್ಷಾಮ. ಒಂದು ಪ್ರದೇಶವನ್ನು ಹಾಗೆ ಕರೆಯಬೇಕಾದರೆ ಐದರಲ್ಲಿ ಒಂದು ಮನೆಗೆ ಆಹಾರ ಹೆಚ್ಚೂಕಡಿಮೆ ಪೂರ್ತಿ ತಪ್ಪಿರಬೇಕು, ಮಕ್ಕಳಲ್ಲಿ ಶೇ. 30 ಸೊರಗಿರಬೇಕು, ದಿನಕ್ಕೆ ಹತ್ತು ಸಾವಿರ ಜನರಲ್ಲಿ ಇಬ್ಬರು ಸಾಯುತ್ತಿರಬೇಕು. ತಕ್ಕಡಿ, ಹಲಗೆ ಹೊತ್ತು ಹೋಗಲಾಗದ ಕಡೆ ತೋಳಿನ ಟೇಪಿನಲ್ಲಿ ಶೇ. 15 ಬಂದರೂ ನಡೆಯುತ್ತದೆ. 2025ರ ಆಗಸ್ಟ್‌ನಲ್ಲಿ ಗಾಜಾ ಪ್ರಾಂತ್ಯದಲ್ಲಿ ಕ್ಷಾಮ ಇದೆ ಎಂದು ತೀರ್ಮಾನಿಸಿದಾಗ ಮಕ್ಕಳ ಸ್ಥಿತಿಯನ್ನು ಅಳೆದದ್ದು ಆ ಟೇಪಿನ ಮೇಲೆಯೇ. ಇಸ್ರೇಲ್ ಆ ತೀರ್ಮಾನವನ್ನು ಒಪ್ಪಲಿಲ್ಲ.

ಹತ್ತು ಸಾವಿರಕ್ಕೆ ಇಬ್ಬರು ಎಂದರೆ ಸಣ್ಣದಾಗಿ ಕೇಳಿಸುತ್ತದೆ. ವರ್ಷಕ್ಕೆ ಗುಣಿಸಿದರೆ ಸಾವಿರಕ್ಕೆ 73. ಭಾರತದಲ್ಲಿ ಸಾಧಾರಣ ವರ್ಷವೊಂದರ ಸಾವಿನ ಪ್ರಮಾಣ ಸಾವಿರಕ್ಕೆ ಆರೇಳು. ಅದರ ಹತ್ತು ಪಟ್ಟಿಗೂ ಮೇಲೆ. ಇನ್ನೊಂದು ತೊಡಕಿದೆ. ಸಮೀಕ್ಷೆಯವರು ಮನೆಯಲ್ಲಿ ಕೂತು, ಸುಮಾರು ತೊಂಬತ್ತು ದಿನಗಳ ಹಿಂದೆ ಈ ಮನೆಯಲ್ಲಿ ಯಾರು ಯಾರಿದ್ದರು, ಈಗ ಯಾರಿದ್ದಾರೆ, ಹುಟ್ಟಿದವರಾರು, ಹೋದವರಾರು ಎಂದು ಕೇಳುತ್ತಾರೆ. ಮೂರು ಸಾವಿರ ಜನರಿರುವ ಮನೆಗಳಲ್ಲಿ ಹೀಗೆ ಕೇಳಿದಾಗ 54 ಸಾವುಗಳು ಎಣಿಕೆಗೆ ಬಂದರೆ ಗೆರೆ ಮುಟ್ಟುತ್ತದೆ. ಅಂದರೆ ಗೆರೆ ಮುಟ್ಟಿತು ಎಂಬ ಸುದ್ದಿ ಮೂರು ತಿಂಗಳ ಹಿಂದಿನಿಂದ ಶುರುವಾದ ಸಾವುಗಳ ಸರಾಸರಿ. ಕ್ಷಾಮದ ಘೋಷಣೆ ಎಚ್ಚರಿಕೆಯ ಗಂಟೆಯಾಗಲು ಸಾಧ್ಯವೇ ಇಲ್ಲ, ಅದನ್ನು ಹಾಗೆ ಕಟ್ಟಿಯೇ ಇಲ್ಲ. ಆದರೆ ಜಗತ್ತು ಅದನ್ನು ಗಂಟೆಯೆಂದೇ ತಿಳಿದು ಕಾಯುತ್ತದೆ.

ಕಾದದ್ದರ ಫಲ 2011ರಲ್ಲಿ ಸೊಮಾಲಿಯಾದಲ್ಲಿ ಕಂಡಿತು. ಅಲ್ಲಿ ಆಹಾರ ಮತ್ತು ಪೌಷ್ಟಿಕತೆಯ ವಿಶ್ಲೇಷಣೆಗೆಂದೇ ವಿಶ್ವಸಂಸ್ಥೆಯ ಕೃಷಿ ಸಂಸ್ಥೆ ನಡೆಸುತ್ತಿದ್ದ ಘಟಕವೊಂದಿತ್ತು, ಎಫ್‌ಎಸ್‌ಎನ್‌ಎಯು. ಅಮೆರಿಕದ ಹಣದಲ್ಲಿ ನಡೆಯುವ ಕ್ಷಾಮ ಮುನ್ಸೂಚನಾ ಜಾಲ ಫ್ಯೂಸ್‌ನೆಟ್ ಜೊತೆಗಿತ್ತು. ಅಂತರ್ಯುದ್ಧದ ನಾಡಿನಲ್ಲಿ ಇಷ್ಟು ಚೆನ್ನಾಗಿ ನೋಡಿಕೊಳ್ಳುವ ಕಣ್ಣುಗಳು ಬೇರೆ ಎಲ್ಲೂ ಇರಲಿಲ್ಲ ಎಂದರೂ ತಪ್ಪಾಗದು. 2010ರ ಆಗಸ್ಟಿನಿಂದಲೇ ಅವರು ಹೇಳತೊಡಗಿದ್ದರು: ಲಾ ನಿನಾ ಬರುತ್ತಿದೆ, ಅಕ್ಟೋಬರಿನ 'ದೇಯ್ರ್' ಮಳೆ ಕೈಕೊಡಬಹುದು. ಕೈಕೊಟ್ಟಿತು. ಮುಂದಿನ ಏಪ್ರಿಲ್‌ನ 'ಗು' ಮಳೆಯೂ ಕೈಕೊಡಬಹುದು ಎಂದರು. ಅದೂ ಕೈಕೊಟ್ಟಿತು. ಜೋಳದ ಬೆಲೆ ಕೂಲಿಯವರ ಕೈಗೆ ಎಟುಕದಷ್ಟು ಏರಿತು. ಪ್ರತಿ ಹಂತದಲ್ಲೂ ಪ್ರಕಟಣೆ, ಸಭೆ, ನಕ್ಷೆ ನಡೆದೇ ಇದ್ದವು.

ಕೇಳಿಸಿಕೊಳ್ಳಬೇಕಾದವರಿಗೆ ಬೇರೆ ಚಿಂತೆಗಳಿದ್ದವು. ದಕ್ಷಿಣ ಭಾಗ ಅಲ್-ಶಬಾಬ್ ಎಂಬ ಸಶಸ್ತ್ರ ಗುಂಪಿನ ಹಿಡಿತದಲ್ಲಿತ್ತು. ವಿಶ್ವ ಆಹಾರ ಕಾರ್ಯಕ್ರಮ 2010ರ ಜನವರಿಯಲ್ಲೇ ಅಲ್ಲಿಂದ ಕಾಲ್ತೆಗೆದಿತ್ತು. ನೆರವು ಉಗ್ರರ ಕೈಸೇರಿದರೆ ನೆರವಿನ ಸಂಸ್ಥೆಯೇ ಅಪರಾಧಿಯಾಗುವಂಥ ಅಮೆರಿಕದ ಕಾನೂನಿನ ಭಯವಿತ್ತು. ಹಣ ನಿಂತಿತು. ಸಮೀಕ್ಷೆ ಮಾತ್ರ ನಿಲ್ಲಲಿಲ್ಲ. ಸ್ಥಳೀಯ ಸೊಮಾಲಿ ಸಿಬ್ಬಂದಿ ಅಳೆಯುತ್ತಲೇ ಇದ್ದರು. 2011ರ ಜುಲೈನ ಅಂಕಿಗಳು ಬಂದಾಗ ಅವನ್ನು ಅಡಗಿಸಿಡಲು ಕಾರಣವೇ ಉಳಿದಿರಲಿಲ್ಲ. ಜುಲೈ 20ರಂದು ವಿಶ್ವಸಂಸ್ಥೆಯ ಮಾನವೀಯ ನೆರವಿನ ಸಂಯೋಜಕ ಮಾರ್ಕ್ ಬೌಡನ್ ನೈರೋಬಿಯಲ್ಲಿ ದಕ್ಷಿಣ ಬಕೂಲ್ ಮತ್ತು ಲೋವರ್ ಶಬೆಲ್ಲೆಯಲ್ಲಿ ಕ್ಷಾಮ ಇದೆ ಎಂದು ಘೋಷಿಸಿದರು. ಕೆಲವು ಕಡೆ ಮಕ್ಕಳ ಅಪೌಷ್ಟಿಕತೆ ಶೇ. 50 ಮುಟ್ಟಿತ್ತು. ಆಗಸ್ಟ್ 3ರಂದು ಮೊಗದಿಶುವಿನ ನಿರಾಶ್ರಿತರ ಬಿಡಾರಗಳು, ಅಫ್ಗೋಯಿ ರಸ್ತೆಯ ಬಿಡಾರಗಳು ಪಟ್ಟಿಗೆ ಸೇರಿದವು. ಸೆಪ್ಟೆಂಬರ್ 5ರಂದು ಬೇ ಪ್ರದೇಶ, ಅಲ್ಲಿ ಶೇ. 58. ಘೋಷಣೆಯ ನಂತರ ಹಣ ಹರಿಯಿತು. ಟಿವಿ ಕ್ಯಾಮೆರಾಗಳೂ ಬಂದವು.

ಸತ್ತವರೆಷ್ಟು ಎಂದು ಎರಡು ವರ್ಷದ ನಂತರ ಲೆಕ್ಕ ಹಾಕಿದವರು ಲಂಡನ್ ಸ್ಕೂಲ್ ಆಫ್ ಹೈಜಿನ್‌ನ ಫ್ರಾನ್ಸೆಸ್ಕೊ ಕೆಕ್ಕಿ ಮತ್ತು ಜಾನ್ಸ್ ಹಾಪ್ಕಿನ್ಸ್‌ನ ಕೋರ್ಟ್‌ಲೆಂಡ್ ರಾಬಿನ್ಸನ್. 2010ರ ಅಕ್ಟೋಬರಿನಿಂದ 2012ರ ಏಪ್ರಿಲ್‌ವರೆಗೆ ಸಹಜಕ್ಕಿಂತ ಹೆಚ್ಚಾಗಿ ಸತ್ತವರು ಸುಮಾರು 2,58,000. ಅವರಲ್ಲಿ 1,33,000 ಐದು ವರ್ಷದೊಳಗಿನ ಮಕ್ಕಳು. ಇಷ್ಟು ನಿಖರವಾಗಿ ಲೆಕ್ಕ ಹಾಕಲು ಸಾಧ್ಯವಾದದ್ದೇ ಆ ಹತ್ತಾರು ಪೌಷ್ಟಿಕತೆ ಮತ್ತು ಮರಣ ಸಮೀಕ್ಷೆಗಳ ಮೂಲ ಅಂಕಿಗಳನ್ನು ಜೋಪಾನವಾಗಿ ಇಟ್ಟಿದ್ದರಿಂದ. ಆ ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧ, ಕ್ಷಾಮ ಎಂಬ ಪದ ನೈರೋಬಿಯಲ್ಲಿ ಉಚ್ಚಾರವಾಗುವ ಮೊದಲೇ ಆಗಿಹೋಗಿದ್ದವು.

ಇಲ್ಲಿ ತಪ್ಪಿದ್ದು ಅಳತೆಯಲ್ಲ, ಮಾಹಿತಿಯೂ ಅಲ್ಲ. 'ಮುಂದಿನ ನಾಲ್ಕು ತಿಂಗಳಲ್ಲಿ ಹೀಗಾಗಬಹುದು' ಎಂಬ ವಾಕ್ಯಕ್ಕೆ ಯಾರೂ ದುಡ್ಡು ಬಿಚ್ಚಲಿಲ್ಲ. 'ಹೀಗಾಗಿದೆ' ಎಂದಾಗ ಬಿಚ್ಚಿದರು. ಸಮೀಕ್ಷೆಯ ವರದಿ ಬರೆಯುವವರು ಈ ಸ್ವಭಾವವನ್ನು ತಿಳಿದೇ ಬರೆಯಬೇಕು. ಅಂತಿಮ ವರದಿಗೆ ವಾರಗಳು ಹಿಡಿಯುತ್ತವೆ, ಆದ್ದರಿಂದ ಅಳತೆ ಮುಗಿದ ಕೆಲವೇ ದಿನಗಳಲ್ಲಿ ನಾಲ್ಕೈದು ಪುಟದ ಪ್ರಾಥಮಿಕ ವರದಿ ಹೊರಬರಬೇಕೆಂಬ ನಿಯಮ ಇದೆ. ಅದನ್ನು ಪಾಲಿಸಬೇಕು. 'ಇನ್ನೂ ಪರಿಶೀಲನೆಯಲ್ಲಿದೆ' ಎಂಬ ಸಾಲು ಶುದ್ಧ ವಿಜ್ಞಾನದ ಹಾಗೆ ಕಾಣುತ್ತದೆ. ಎಷ್ಟೋ ಸಲ ಅದರ ಹಿಂದೆ ಇರುವುದು ಯಾರದೋ ಸಹಿ.

ಸಹಿ ಹಾಕಬೇಕಾದವರು ಸಾಮಾನ್ಯವಾಗಿ ಆ ದೇಶದ ಸರ್ಕಾರ. ಇದು ತಪ್ಪೇನಲ್ಲ, ತನ್ನ ಜನರ ಅಂಕಿಗಳ ಮೇಲೆ ಆ ದೇಶಕ್ಕೆ ಹಕ್ಕಿದೆ, ಆಸ್ಪತ್ರೆ, ಲಸಿಕೆ ಎಲ್ಲ ನಡೆಯುವುದೂ ಸರ್ಕಾರದ ಮೂಲಕವೇ. ಸರ್ಕಾರವೇ ಯುದ್ಧದಲ್ಲಿ ಒಂದು ಪಕ್ಷವಾದಾಗ ಮಾತು ಬೇರೆ. 2021ರ ಜೂನ್‌ನಲ್ಲಿ ಇಥಿಯೋಪಿಯಾದ ಟಿಗ್ರೆಯಲ್ಲಿ 3,53,000 ಜನ ಐದನೆಯ ಹಂತದ ಹಸಿವಿನಲ್ಲಿದ್ದಾರೆ ಎಂದು ಐಪಿಸಿ ಹೇಳಿತು. ಇಥಿಯೋಪಿಯಾ ಸರ್ಕಾರ ಆ ವಿಶ್ಲೇಷಣೆಗೆ ಒಪ್ಪಿಗೆ ಕೊಡಲಿಲ್ಲ. 2024ರ ಆಗಸ್ಟ್ 1ರಂದು ಸುಡಾನಿನ ಡಾರ್ಫುರ್‌ನಲ್ಲಿ ಎಲ್ ಫಾಶರ್ ಪಕ್ಕದ ಝಮ್‌ಝಮ್ ಶಿಬಿರದಲ್ಲಿ ಕ್ಷಾಮ ಇದೆ ಎಂಬ ತೀರ್ಮಾನ ಬಂತು. ಸುಡಾನ್ ಸರ್ಕಾರ ಅಲ್ಲಗಳೆಯಿತು. ಡಿಸೆಂಬರ್ 24ರಂದು ಇನ್ನೂ ಕೆಲವು ಪ್ರದೇಶಗಳು ಆ ಪಟ್ಟಿಗೆ ಸೇರಿ ಒಟ್ಟು ಐದಾದವು. ಅದರ ಹಿಂದಿನ ದಿನವೇ ಸುಡಾನ್ ಈ ವ್ಯವಸ್ಥೆಯಲ್ಲಿ ತನ್ನ ಭಾಗವಹಿಸುವಿಕೆಯನ್ನು ನಿಲ್ಲಿಸುವುದಾಗಿ ಪತ್ರ ಬರೆದಿತ್ತು. ಅಳೆಯುವುದನ್ನು ತಡೆಯುವುದಕ್ಕಿಂತ ಅಳೆದದ್ದನ್ನು ಹೇಳದಂತೆ ತಡೆಯುವುದು ಸುಲಭ. ಎರಡಕ್ಕಿಂತ ಸುಲಭ, ಹೇಳಿದ ಮೇಲೆ ವಿಧಾನ ಸರಿಯಿಲ್ಲ ಎನ್ನುವುದು. ಆದ್ದರಿಂದಲೇ ದಂಡಾಂಕ, ಅಂತರ, ಮೂಲ ಅಂಕಿ ಎಲ್ಲವನ್ನೂ ಬಿಚ್ಚಿಟ್ಟ ವರದಿ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ.

ಈ ಜಗಳ ನಮ್ಮ ನೆಲಕ್ಕೂ ಹೊಸದಲ್ಲ. 1876-78ರ ಬರವನ್ನು ನಮ್ಮ ಹಿರಿಯರು ಧಾತು ಈಶ್ವರದ ಬರ ಎಂದು ಸಂವತ್ಸರಗಳ ಹೆಸರಿನಲ್ಲೇ ನೆನಪಿಟ್ಟುಕೊಂಡರು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿಯಿತು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲೊಂದು. 1877ರ ಆರಂಭದಲ್ಲಿ ವೈಸ್‌ರಾಯ್ ಲಿಟ್ಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಕೊಳ್ಳುವಷ್ಟು ಕೂಲಿ, ಮೇಲೆ ಒಂದಿಷ್ಟು ಚಿಲ್ಲರೆ ಸಾಕು ಎಂದು ಕಡಿತ ಮಾಡಿಸಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಕಲ್ಲು ಒಡೆಯುವ ಕೆಲಸಕ್ಕೆ. ಮದರಾಸಿನ ಸ್ಯಾನಿಟರಿ ಕಮಿಷನರ್ ಡಬ್ಲ್ಯು. ಆರ್. ಕಾರ್ನಿಶ್ ಇದನ್ನು ಬಹಿರಂಗವಾಗಿಯೇ ಎದುರಿಸಿದರು. ದುಡಿಯುವ ದೇಹಕ್ಕೆ ಇದು ಸಾಲದು ಎಂಬ ವೈದ್ಯಕೀಯ ವಾದ ಅವರದು; ನೋಡಿದರೆ ಜನ ಚೆನ್ನಾಗಿಯೇ ಇದ್ದಾರೆ ಎಂಬ ಕಣ್ಣಂದಾಜು ಟೆಂಪಲ್‌ನದು. ಕೆಲವೇ ತಿಂಗಳಲ್ಲಿ ಮದರಾಸು ಸರ್ಕಾರ ಕೂಲಿ ಏರಿಸಬೇಕಾಯಿತು. ಕಾರ್ನಿಶ್ ತಮ್ಮ ಟಿಪ್ಪಣಿಯನ್ನು ಕಡತದಲ್ಲೇ ಬಿಟ್ಟಿದ್ದರೆ ಅದೂ ಆಗುತ್ತಿರಲಿಲ್ಲ. ಆ ವಾಗ್ವಾದ ಪತ್ರಿಕೆಗಳವರೆಗೆ ಹೋಗಿ, ಮದರಾಸ್ ಟೈಮ್ಸ್ ಸಂಪಾದಕ ವಿಲಿಯಂ ಡಿಗ್ಬಿಯ ಎರಡು ಸಂಪುಟಗಳ ಗ್ರಂಥದಲ್ಲಿ ಉಳಿಯಿತು. 1880ರ ಕ್ಷಾಮ ಆಯೋಗದ ನಂತರ ಬಂದ ಕ್ಷಾಮ ಸಂಹಿತೆಗಳು ಸಾವನ್ನು ಕಾಯುತ್ತಿರಲಿಲ್ಲ. ಕಾಳಿನ ಬೆಲೆ ಏರಿತೇ, ಜನ ಊರು ಬಿಟ್ಟು ಅಲೆಯತೊಡಗಿದರೇ ಎಂಬ ಮುನ್ಸೂಚನೆಗಳನ್ನು ಜಿಲ್ಲಾಧಿಕಾರಿ ನೋಡಬೇಕು ಎಂದವು. ವಸಾಹತು ಆಡಳಿತ ಜಿಪುಣತನದಿಂದ ಮಾಡಿದ ನಿಯಮದಲ್ಲೂ ಒಂದು ವಿವೇಕ ಇತ್ತು ಎಂದು ಒಪ್ಪಲೇಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಒಬ್ಬರು ಬಿಟ್ಟುಹೋಗಿದ್ದಾರೆ: ಅಳೆಸಿಕೊಂಡವರು. ಫಲಿತಾಂಶ ರಾಜಧಾನಿಯ ಸಭೆಗೆ, ದಾನಿಗಳ ಮೇಜಿಗೆ, ಪತ್ರಿಕೆಗಳಿಗೆ ಹೋಗುತ್ತದೆ. ಹಲಗೆಯ ಮೇಲೆ ಮಗುವನ್ನು ಮಲಗಿಸಿ ಕಾಲು ಹಿಡಿದುಕೊಂಡಿದ್ದ ತಾಯಿಗೆ ಹೋಗುವುದಿಲ್ಲ. ಆಕೆಗೆ ಶೇಕಡಾವಾರು ಬೇಕಿಲ್ಲ. ನಿಮ್ಮ ಊರ ಕಡೆ ಮಕ್ಕಳು ಇಷ್ಟು ಸೊರಗಿದ್ದಾರೆ, ದಡಾರದ ಲಸಿಕೆ ಇಂಥ ದಿನ ಬರುತ್ತದೆ, ಕೇಂದ್ರ ಇಂಥ ಕಡೆ ತೆರೆಯುತ್ತದೆ ಎಂದು ಊರಿನ ಹಿರಿಯರ ಮುಂದೆ, ಅವರ ನುಡಿಯಲ್ಲಿ, ರೇಡಿಯೊದಲ್ಲಿ ಹೇಳಿದರೆ ಮುಂದಿನ ಸಲ ಬಾಗಿಲು ತೆರೆಯುತ್ತದೆ. ಮೂರು ಸಲ ಅಳೆದು ಹೋಗಿ ಒಂದು ಪೊಟ್ಟಣವೂ ಬಾರದ ಊರಿನಲ್ಲಿ ನಾಲ್ಕನೆಯ ಸಲ ಮಕ್ಕಳನ್ನು ಒಳಗೆ ಅಡಗಿಸಿದರೆ ಅದು ಮೌಢ್ಯವಲ್ಲ, ಅನುಭವ.

ಹೇಳಬಾರದ ಸಂಗತಿಯೂ ಇದೆ. ಆಯ್ದ ಹಳ್ಳಿಗಳ ಹೆಸರು, ಜಿಪಿಎಸ್ ಗುರುತು, ಯಾವ ಮನೆಯಲ್ಲಿ ಗಂಡಸು ಸತ್ತ ಎಂಬ ವಿವರ ಬಂದೂಕು ಹಿಡಿದವರ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ಯೋಚಿಸಿಯೇ ಪ್ರಕಟಿಸಬೇಕು. ಮರಣದ ಪ್ರಶ್ನೆಗಳಲ್ಲಿ ಕಾರಣ ಕೇಳುವಾಗ 'ಹಿಂಸೆ' ಎಂಬ ಕಾಲಂ ಇಡಬೇಕೋ ಬೇಡವೋ ಎಂದು ತಂಡಗಳು ಗಂಟೆಗಟ್ಟಲೆ ಚರ್ಚಿಸುವುದು ಇದಕ್ಕೇ.

2022ರಲ್ಲಿ ಸೊಮಾಲಿಯಾ ಮತ್ತೆ ಅಂಚಿಗೆ ಬಂತು. ಸತತವಾಗಿ ನಾಲ್ಕು ಮಳೆಗಾಲ ಸೋತಿದ್ದವು, ಐದನೆಯದೂ ಸೋಲಲಿತ್ತು. ಸೆಪ್ಟೆಂಬರಿನಲ್ಲಿ ಐಪಿಸಿಯ ಕ್ಷಾಮ ಪರಿಶೀಲನಾ ಸಮಿತಿ, ನೆರವು ಹೆಚ್ಚದಿದ್ದರೆ ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಬೈದೊವಾ ಮತ್ತು ಬುರ್ಹಕಬಾ ಜಿಲ್ಲೆಗಳಲ್ಲಿ ಕ್ಷಾಮ ಬರುತ್ತದೆ ಎಂದಿತು. ಈ ಸಲ 'ಬರುತ್ತದೆ' ಎಂಬ ವಾಕ್ಯಕ್ಕೇ ಹಣ ಬಂತು, ನೆರವು ಏರಿತು, ಗೆರೆ ದಾಟಲಿಲ್ಲ, ಘೋಷಣೆಯೂ ಆಗಲಿಲ್ಲ. ಘೋಷಣೆ ಆಗಲಿಲ್ಲ ಎಂದರೆ ಸಾವಿರಲಿಲ್ಲ ಎಂದಲ್ಲ. 2023ರ ಮಾರ್ಚ್‌ನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ಬರದಿಂದ 2022ರಲ್ಲಿ ಹೆಚ್ಚಾಗಿ ಸತ್ತವರು 43,000 ಇರಬಹುದು, ಅರ್ಧದಷ್ಟು ಐದು ವರ್ಷದೊಳಗಿನವರು. ಆದರೆ 2011ರ ಲೆಕ್ಕಕ್ಕಿಂತ ಇದರಲ್ಲಿ ಒಂದು ವ್ಯತ್ಯಾಸವಿತ್ತು. ಮುಗಿದುಹೋದದ್ದನ್ನಷ್ಟೇ ಎಣಿಸದೆ, 2023ರ ಮೊದಲ ಆರು ತಿಂಗಳಲ್ಲಿ ಇನ್ನೂ 18,100ರಿಂದ 34,200 ಸಾವುಗಳು ಆಗಬಹುದು ಎಂದೂ ಅದೇ ವರದಿ ಹೇಳಿತು. ಅದು ಕೈಗೆ ಬಂದಾಗ ಆ ಆರು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನಗಳು ಇನ್ನೂ ಬಾಕಿ ಇದ್ದವು.